ಪಾದ್ರಿ ಸೋತ ಚುನಾವಣೆ

1913ರ ಮಾರ್ಚ್ ತಿಂಗಳಲ್ಲಿ ಇಂಗ್ಲೆಂಡಿನ ಬರ್ಸ್ಟನ್ ಎಂಬ ಹಳ್ಳಿಯಲ್ಲಿ ಒಂದು ಸಣ್ಣ ಚುನಾವಣೆ ನಡೆಯಿತು. ಬರ್ಸ್ಟನ್ ಇರುವುದು ದೇಶದ ಪೂರ್ವ ಭಾಗದ ನಾರ್ಫೋಕ್ ಕೌಂಟಿಯಲ್ಲಿ, ಡಿಸ್ ಎಂಬ ಪೇಟೆಯ ಪಕ್ಕದಲ್ಲಿ. ಚುನಾವಣೆ ನಡೆದದ್ದು ಊರಿನ ಪ್ಯಾರಿಷ್ ಕೌನ್ಸಿಲ್‌ಗೆ. ಗೆದ್ದವರಿಗೆ ಸಂಬಳವಿಲ್ಲ, ಕೈಯಲ್ಲಿ ದೊಡ್ಡ ಅಧಿಕಾರವೂ ಇಲ್ಲ. ಆದರೂ ಫಲಿತಾಂಶ ಹೊರಬಿದ್ದಾಗ ಊರು ಎರಡು ಹೋಳಾಯಿತು. ಅತಿ ಹೆಚ್ಚು ಮತ ಬಿದ್ದದ್ದು ಸರಕಾರಿ ಶಾಲೆಯ ಸಹಾಯಕ ಮೇಷ್ಟ್ರು ಟಾಮ್ ಹಿಗ್ಡನ್‌ಗೆ. ಪಟ್ಟಿಯ ಕಟ್ಟಕಡೆಯಲ್ಲಿ ನಿಂತವರು ಊರಿನ ಚರ್ಚಿನ ಪಾದ್ರಿ, ರೆವರೆಂಡ್ ಚಾರ್ಲ್ಸ್ ಟಕರ್ ಈಲಂಡ್.

ಸುಮಾರು ಒಂದು ವರ್ಷ ಕಳೆಯುವಷ್ಟರಲ್ಲಿ ಗೆದ್ದ ಮೇಷ್ಟ್ರು ಕೆಲಸ ಕಳೆದುಕೊಂಡಿದ್ದರು. ಅದೇ ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿದ್ದ ಅವರ ಹೆಂಡತಿ ಆನಿ ಕೂಡ ಕಳೆದುಕೊಂಡಿದ್ದರು. ಅದರ ಮರುದಿನ ಊರಿನ ಮಕ್ಕಳು ಶಾಲೆಗೆ ಹೋಗಲು ಒಪ್ಪಲಿಲ್ಲ. ಆ ಮುಷ್ಕರ ಮುಗಿದದ್ದು 25 ವರ್ಷಗಳ ನಂತರ. ಬರ್ಸ್ಟನ್ ಇಂದು ಹೆಸರಾಗಿರುವುದು ಆ ಮಕ್ಕಳ ಮುಷ್ಕರಕ್ಕೆ. ಅದಕ್ಕೆ ಕಿಡಿ ಹಚ್ಚಿದ ಚುನಾವಣೆಯನ್ನು ಹೆಚ್ಚಿನವರು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತಾರೆ. ಕೆರೆ, ದಾರಿ, ಸ್ಮಶಾನ ನೋಡಿಕೊಳ್ಳುವ ಒಂದು ಸಭೆಯಲ್ಲಿ ಸೋತದ್ದು ಅಷ್ಟು ನೋಯುವಂಥದ್ದು ಯಾಕಾಯಿತು ಎಂದು ತಿಳಿಯಬೇಕಾದರೆ ಆ ಸಭೆ ಹುಟ್ಟಿದ ಬಗೆಯನ್ನು ನೋಡಬೇಕು.

ಸಂಜೆ ಆರರ ಸಭೆ

ಪ್ಯಾರಿಷ್ ಎಂದರೆ ಮೂಲದಲ್ಲಿ ಒಂದು ಚರ್ಚಿನ ವ್ಯಾಪ್ತಿಗೆ ಬರುವ ಊರು. ಶತಮಾನಗಳ ಕಾಲ ಇಂಗ್ಲೆಂಡಿನ ಹಳ್ಳಿಯ ವ್ಯವಹಾರ ನಡೆದದ್ದು ವೆಸ್ಟ್ರಿ ಎಂಬ ಸಭೆಯಲ್ಲಿ. ಅದರ ಪೀಠದಲ್ಲಿ ಕೂರುತ್ತಿದ್ದವರು ಪಾದ್ರಿ. ಅವರನ್ನು ಯಾರೂ ಚುನಾಯಿಸಬೇಕಾಗಿರಲಿಲ್ಲ. ಚರ್ಚಿನ ಹುದ್ದೆಯ ಜೊತೆಗೇ ಆ ಸ್ಥಾನ ಬರುತ್ತಿತ್ತು. ಅವರ ಅಕ್ಕಪಕ್ಕ ಊರಿನ ದೊಡ್ಡ ಜಮೀನಿನ ರೈತರು ಕೂರುತ್ತಿದ್ದರು. ಹೊಲದಲ್ಲಿ ದುಡಿಯುವ ಕೂಲಿಗಾರನಿಗೆ ಅಲ್ಲಿ ಮಾತಿರಲಿಲ್ಲ.

1884ರ ಕಾನೂನಿನಿಂದ ಹಳ್ಳಿಯ ಕೂಲಿಗಾರರಲ್ಲಿ ಬಹುಪಾಲು ಗಂಡಸರಿಗೆ ಪಾರ್ಲಿಮೆಂಟ್ ಚುನಾವಣೆಯಲ್ಲಿ ಮತ ಬಂತು. ಲಂಡನ್ನಿಗೆ ಯಾರನ್ನು ಕಳಿಸಬೇಕೆಂದು ಹೇಳಬಲ್ಲವನಿಗೆ ತನ್ನ ಊರಿನ ಬಾವಿಯ ಬಗ್ಗೆ ಹೇಳಲು ಮಾತ್ರ ಇನ್ನೂ ಹತ್ತು ವರ್ಷ ಕಾಯಬೇಕಾಯಿತು. ಭಾರತದಲ್ಲಿ ಲಾರ್ಡ್ ರಿಪನ್ ಸ್ಥಳೀಯ ಸ್ವಯಂ ಆಡಳಿತದ ನಿರ್ಣಯ ಹೊರಡಿಸಿದ್ದು 1882ರಲ್ಲಿ. ಇಂಗ್ಲೆಂಡಿನ ಹಳ್ಳಿಗೆ ತನ್ನದೇ ಚುನಾಯಿತ ಸಭೆ ಸಿಕ್ಕಿದ್ದು ಅದಾದ 12 ವರ್ಷಕ್ಕೆ, 1894ರ ಸ್ಥಳೀಯ ಆಡಳಿತ ಕಾನೂನಿನಿಂದ.

ಆ ಕಾನೂನಿನ ಸಣ್ಣಸಣ್ಣ ಕಲಮುಗಳನ್ನು ಓದಿದರೆ ಅದನ್ನು ಬರೆದವರಿಗೆ ಹಳ್ಳಿ ಗೊತ್ತಿತ್ತು ಅನ್ನಿಸುತ್ತದೆ. ಪ್ಯಾರಿಷ್ ಸಭೆ ಸಂಜೆ ಆರು ಗಂಟೆಗಿಂತ ಮೊದಲು ಶುರುವಾಗಕೂಡದು. ಮಧ್ಯಾಹ್ನ ಕರೆದರೆ ಕೂಲಿಗಾರ ಹೊಲ ಬಿಟ್ಟು ಬರಲಾರ, ಬಂದರೆ ಆ ದಿನದ ಕೂಲಿ ಹೋಗುತ್ತದೆ. ಬೇರೆ ಜಾಗ ಇಲ್ಲದ ಊರಲ್ಲಿ ಸರಕಾರಿ ಹಣದಲ್ಲಿ ನಡೆಯುವ ಶಾಲೆಯ ಕೋಣೆಯನ್ನು ಸಭೆಗೆ ಪುಕ್ಕಟೆಯಾಗಿ ಕೊಡಬೇಕು. ಹೆಂಗಸರೂ ಮತ ಹಾಕಬಹುದು, ಸದಸ್ಯರಾಗಿ ನಿಲ್ಲಬಹುದು. ಪಾರ್ಲಿಮೆಂಟಿಗೆ ಮತ ಹಾಕುವ ಹಕ್ಕು ಅವರಿಗೆ ಬಂದದ್ದು 1918ರಲ್ಲಿ. ಎಲ್ಲಕ್ಕಿಂತ ದೊಡ್ಡ ಬದಲಾವಣೆ ಕಾನೂನು ಹೇಳದೆ ಬಿಟ್ಟ ಒಂದು ಮಾತಿನಲ್ಲಿತ್ತು. ಹೊಸ ಕೌನ್ಸಿಲ್‌ನಲ್ಲಿ ಪಾದ್ರಿಗೆ ಹುದ್ದೆಯ ಬಲದಿಂದ ಬರುವ ಜಾಗ ಇರಲಿಲ್ಲ. ಬೇಕೆಂದರೆ ಉಳಿದವರ ಹಾಗೆ ಅವರೂ ಚುನಾವಣೆಗೆ ನಿಲ್ಲಬೇಕು.

ಕೌನ್ಸಿಲ್‌ಗೆ ಸಿಕ್ಕ ಕೆಲಸಗಳು ಇಂಥವು: ಬಡವರಿಗೆ ತರಕಾರಿ ಬೆಳೆಯಲು ತುಂಡು ನೆಲ ಒದಗಿಸುವುದು, ಕಾಲುದಾರಿಗಳನ್ನು ಯಾರೂ ಮುಚ್ಚದಂತೆ ಕಾಯುವುದು, ಬಾವಿ, ಸ್ಮಶಾನ, ಬೀದಿದೀಪ ನೋಡಿಕೊಳ್ಳುವುದು, ವಾಸಕ್ಕೆ ಯೋಗ್ಯವಲ್ಲದ ಮನೆಗಳ ಬಗ್ಗೆ ಮೇಲಿನ ಜಿಲ್ಲಾ ಕೌನ್ಸಿಲ್‌ಗೆ ದೂರು ಕೊಡುವುದು. ತೆರಿಗೆ ಎತ್ತಲು ಬಿಗಿಯಾದ ಮಿತಿ ಇತ್ತು. ಊರಿನ ಸಭೆಯ ಒಪ್ಪಿಗೆ ಇಲ್ಲದೆ ಆಸ್ತಿಯ ಬಾಡಿಗೆ ಬೆಲೆಯ ಪ್ರತಿ ಪೌಂಡ್‌ಗೆ ಮೂರು ಪೆನ್ನಿಗಿಂತ ಹೆಚ್ಚು ಹಾಕುವಂತಿರಲಿಲ್ಲ. ಆಗ ಒಂದು ಪೌಂಡ್ ಎಂದರೆ 240 ಪೆನ್ನಿ.

ಮತದಾನದ ಕ್ರಮ ಮಾತ್ರ ಹಳೆಯದೇ ಉಳಿಯಿತು. ಪಾರ್ಲಿಮೆಂಟ್ ಚುನಾವಣೆಗೆ ಗುಪ್ತ ಮತದಾನ 1872ರಲ್ಲೇ ಬಂದಿತ್ತು. ಪ್ಯಾರಿಷ್ ಕೌನ್ಸಿಲ್‌ಗೆ ಸಭೆಯಲ್ಲಿ ಎಲ್ಲರೆದುರು ಕೈ ಎತ್ತಿ ಆರಿಸುವುದೇ ಕ್ರಮ. ಚೀಟಿಯಲ್ಲಿ ಮತದಾನ ಆಗಲಿ ಎಂದು ಯಾರಾದರೂ ಪಟ್ಟು ಹಿಡಿದರೆ ಮಾತ್ರ ಪೆಟ್ಟಿಗೆ ಇಡುತ್ತಿದ್ದರು. ಯಜಮಾನ ಎದುರಿಗೆ ಕೂತಿರುವಾಗ ಕೂಲಿಗಾರ ಕೈ ಎತ್ತಬೇಕು, ಅಥವಾ ಚೀಟಿ ಬೇಕು ಎಂದು ಎದ್ದು ನಿಲ್ಲಬೇಕು. ಎರಡಕ್ಕೂ ಧೈರ್ಯ ಬೇಕಿತ್ತು.

ಕೈ ಎತ್ತಿದರೆ ಹೋಗುವುದೇನು

ಆ ಧೈರ್ಯದ ಬೆಲೆ ತಿಳಿಯಲು ನಾರ್ಫೋಕ್ ಕೂಲಿಗಾರನ ಲೆಕ್ಕ ನೋಡಬೇಕು. 1910ರಲ್ಲಿ ಅದೇ ಕೌಂಟಿಯ ಸೇಂಟ್ ಫೇಯ್ತ್ಸ್ ಎಂಬ ಊರಿನ ಕೂಲಿಗಾರರು ಮುಷ್ಕರ ಹೂಡಿದ್ದರು. ಅವರು ಕೇಳಿದ್ದು ವಾರಕ್ಕೆ 13 ಷಿಲಿಂಗ್ ಇದ್ದ ಕೂಲಿಯನ್ನು 14 ಮಾಡಿ, ಶನಿವಾರ ಮಧ್ಯಾಹ್ನದ ಮೇಲೆ ಬಿಡುವು ಕೊಡಿ ಎಂದಷ್ಟೇ. ಮುಷ್ಕರ ಮರುವರ್ಷದವರೆಗೆ ಎಳೆದು ಸೋತಿತು. ವಾರಕ್ಕೆ 13 ಷಿಲಿಂಗ್ ಅಂದರೆ, ಸುಗ್ಗಿಯ ಹೆಚ್ಚುವರಿ ಕೂಲಿ ಬಿಟ್ಟರೆ, ವರ್ಷಕ್ಕೆ ಸುಮಾರು 34 ಪೌಂಡ್. ಬರ್ಸ್ಟನ್ನಿನ ಪಾದ್ರಿಯ ಹುದ್ದೆಗೆ ವರ್ಷಕ್ಕೆ 581 ಪೌಂಡ್ ವರಮಾನವಿತ್ತು, ಜೊತೆಗೆ ದೊಡ್ಡ ಮನೆ, ಚರ್ಚಿಗೆ ಉಂಬಳಿ ಬಿಟ್ಟ ಜಮೀನು. ಒಂದೇ ಊರಿನಲ್ಲಿ ಒಬ್ಬರ ವರಮಾನ ಇನ್ನೊಬ್ಬರ 17 ಪಟ್ಟು.

ಕೂಲಿಗಿಂತ ಬಿಗಿಯಾದ ಹಗ್ಗ ಮನೆಯದು. ಅನೇಕ ಕೂಲಿಗಾರರು ಇದ್ದದ್ದು ರೈತ ಯಜಮಾನನ ಮನೆಯಲ್ಲಿ. ಕೆಲಸ ಇರುವವರೆಗೆ ಮನೆ. ಕೆಲಸ ಹೋದ ದಿನ ಹೆಂಡತಿ ಮಕ್ಕಳು ಪಾತ್ರೆ ಪಗಡಿಯ ಸಮೇತ ಬೀದಿಗೆ. ಹೀಗೆ ಕೂಲಿ ಕೊಡುವವನು, ಮನೆ ಕೊಟ್ಟವನು, ಕೌನ್ಸಿಲ್‌ನಲ್ಲಿ ಕೂತವನು, ಶಾಲೆಯ ಮಂಡಳಿಯಲ್ಲಿ ಇದ್ದವನು, ಎಷ್ಟೋ ಊರುಗಳಲ್ಲಿ ಎಲ್ಲವೂ ಒಂದೇ ಗುಂಪಿನ ನಾಲ್ಕಾರು ಜನ. 1894ರ ಕಾನೂನು ಬಂದು 20 ವರ್ಷ ಕಳೆಯುತ್ತ ಬಂದರೂ ಅನೇಕ ಹಳ್ಳಿಗಳ ಕೌನ್ಸಿಲ್‌ಗಳಲ್ಲಿ ವೆಸ್ಟ್ರಿಯ ಕಾಲದ ಮುಖಗಳೇ ಕಾಣುತ್ತಿದ್ದುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಆದರೂ ನಾರ್ಫೋಕ್‌ನಲ್ಲಿ ಇದಕ್ಕೆ ಎದುರಾಗಿ ನಿಂತವರ ಒಂದು ಪರಂಪರೆ ಇತ್ತು. 1872ರಲ್ಲಿ ಕೃಷಿ ಕೂಲಿಗಾರರ ರಾಷ್ಟ್ರೀಯ ಸಂಘ ಕಟ್ಟಿದ ಜೋಸೆಫ್ ಆರ್ಚ್ ಬೇರೆ ಕೌಂಟಿಯವರಾದರೂ 1885ರಲ್ಲಿ ಪಾರ್ಲಿಮೆಂಟಿಗೆ ಹೋದದ್ದು ವಾಯವ್ಯ ನಾರ್ಫೋಕ್ ಕ್ಷೇತ್ರದಿಂದ. ಆ ಸಂಘ ಸೊರಗಿದ ಮೇಲೆ 1906ರಲ್ಲಿ ಹೊಸ ಸಂಘ ಶುರುಮಾಡಿದವರು ಜಾರ್ಜ್ ಎಡ್ವರ್ಡ್ಸ್. ಅವರು ಆರನೇ ವಯಸ್ಸಿಗೇ ಹೊಲದಲ್ಲಿ ಕಾಗೆ ಓಡಿಸುವ ಕೂಲಿಗೆ ಹೋದವರು, ಮದುವೆಯಾದ ಮೇಲೆ ಹೆಂಡತಿಯಿಂದ ಓದು ಕಲಿತವರು. ಈ ಸಂಘದ ಕೆಲಸಕ್ಕೆ ಸೈಕಲ್ ಏರಿ ಊರೂರು ಅಲೆದವರಲ್ಲಿ ಟಾಮ್ ಹಿಗ್ಡನ್ ಒಬ್ಬರು.

ಹಿಗ್ಡನ್ ದಂಪತಿ

ಟಾಮ್ ಹುಟ್ಟಿದ್ದು ಸಾಮರ್ಸೆಟ್ ಕೌಂಟಿಯ ಕೂಲಿಗಾರನ ಮನೆಯಲ್ಲಿ. ಆನಿ ಅವರಿಗಿಂತ ಐದು ವರ್ಷ ದೊಡ್ಡವರು, ಹೆಚ್ಚು ಓದಿದವರು. ಇಬ್ಬರೂ ಕ್ರೈಸ್ತ ಸಮಾಜವಾದಿಗಳು. 1902ರಲ್ಲಿ ನಾರ್ಫೋಕ್‌ನ ವುಡ್ ಡಾಲಿಂಗ್ ಎಂಬ ಊರಿನ ಶಾಲೆಗೆ ಬಂದರು. ಅಲ್ಲಿ ಶಾಲೆಯ ಕಟ್ಟಡ ಸೋರುತ್ತದೆ, ಚಳಿಗೆ ಬೆಂಕಿ ಇಲ್ಲ ಎಂದು ಆನಿ ದೂರು ಬರೆದರು. ಹೊಲದ ಕೆಲಸಕ್ಕೆಂದು ರೈತರು ಹುಡುಗರನ್ನು ಶಾಲೆ ಬಿಡಿಸಿ ಕರೆದೊಯ್ಯುವುದನ್ನು ಇಬ್ಬರೂ ಒಪ್ಪಲಿಲ್ಲ. ಶಾಲೆಯ ಮಂಡಳಿಯಲ್ಲಿದ್ದವರು ಅದೇ ರೈತರು. ಜಗಳ ಬೆಳೆದು ಕೌಂಟಿಯ ಶಿಕ್ಷಣ ಸಮಿತಿಯವರು ಇಬ್ಬರನ್ನೂ 1911ರ ಆರಂಭದಲ್ಲಿ ಬರ್ಸ್ಟನ್‌ಗೆ ವರ್ಗ ಮಾಡಿದರು.

ಬರ್ಸ್ಟನ್‌ನಲ್ಲೂ ಅದೇ ಸೋರುವ ಶಾಲೆ, ಅದೇ ಬಗೆಯ ಮಂಡಳಿ. ಆನಿ ಮಕ್ಕಳಿಗೆ ಪಾಠದ ಜೊತೆ ಟೈಪಿಂಗ್, ಹೊಲಿಗೆ ಕಲಿಸಿದರು. ಬೂಟಿಲ್ಲದವರಿಗೆ ಬೂಟು ಕೊಡಿಸಿದರು. ಟಾಮ್ ಸಂಜೆಯ ಹೊತ್ತು ಕೂಲಿಗಾರರನ್ನು ಸಂಘಕ್ಕೆ ಸೇರಿಸಿದರು. ಹೊಸದಾಗಿ ಬಂದಿದ್ದ ರೆವರೆಂಡ್ ಈಲಂಡ್‌ಗೆ ಇದಾವುದೂ ಹಿಡಿಸಲಿಲ್ಲ. ಅವರ ಲೆಕ್ಕದಲ್ಲಿ ಮೇಷ್ಟ್ರು ಮತ್ತು ಮೇಡಂ ಭಾನುವಾರ ಚರ್ಚಿಗೆ ಬರಬೇಕು, ಊರಿನ ದೊಡ್ಡವರ ಮಾತು ಮೀರಬಾರದು.

ಪ್ಯಾರಿಷ್ ಕೌನ್ಸಿಲ್ ಚುನಾವಣೆ ಮೂರು ವರ್ಷಕ್ಕೊಮ್ಮೆ ಬರುತ್ತಿತ್ತು. 1913ರ ಸರದಿ ಬಂದಾಗ ಟಾಮ್ ಕೂಲಿಗಾರರಿಗೆ ಹೇಳಿದ್ದು ಸರಳ ಮಾತು: ಊರಿನಲ್ಲಿ ನೀವೇ ಹೆಚ್ಚು ಜನ, ನಿಮ್ಮವರನ್ನೇ ನಿಲ್ಲಿಸಿ. ತಾವೂ ನಿಂತರು. ಕೂಲಿಗಾರರ ಕಡೆಯವರು ಗೆದ್ದು ಬಂದರು, ರೈತ ಯಜಮಾನರು ಹೊರಬಿದ್ದರು, ಟಾಮ್ ಎಲ್ಲರಿಗಿಂತ ಮೇಲೆ, ಪಾದ್ರಿ ಎಲ್ಲರಿಗಿಂತ ಕೆಳಗೆ. ಹೊಸ ಕೌನ್ಸಿಲ್ ಕೈ ಹಾಕಬಹುದಾಗಿದ್ದ ವಿಷಯಗಳಲ್ಲಿ ಮನೆಗಳ ದುಃಸ್ಥಿತಿಯೂ ಒಂದು. ಮನೆಗಳ ಮಾಲೀಕರು ಯಾರು ಎಂದು ಊರಿಗೆಲ್ಲ ಗೊತ್ತಿತ್ತು.

ಚುನಾವಣೆಯ ಹೆಸರಿಲ್ಲದ ದೋಷಾರೋಪ

ಕೌನ್ಸಿಲ್ ಕೈಬಿಟ್ಟಿತು, ಶಾಲೆ ಕೈಯಲ್ಲೇ ಇತ್ತು. ಶಾಲೆಯ ವ್ಯವಸ್ಥಾಪಕ ಮಂಡಳಿಗೆ ಊರವರು ಕೈ ಎತ್ತಿ ಆರಿಸುವಂತಿರಲಿಲ್ಲ. ಅದರ ಅಧ್ಯಕ್ಷರು ರೆವರೆಂಡ್ ಈಲಂಡ್.

ಮಂಡಳಿಯ ತಕರಾರುಗಳು ಒಂದೊಂದಾಗಿ ಬಂದವು. ಮಳೆಯಲ್ಲಿ ಮೈಲಿಗಟ್ಟಲೆ ನಡೆದು ಬಂದ ಮಕ್ಕಳ ಬಟ್ಟೆ ಒಣಗಿಸಲು ಆನಿ ಅಪ್ಪಣೆ ಇಲ್ಲದೆ ಬೆಂಕಿ ಹಾಕಿಸಿದರು ಎಂಬುದು ಒಂದು. ಮಂಡಳಿಯವರ ಜೊತೆ ಮರ್ಯಾದೆಯಿಂದ ನಡೆದುಕೊಳ್ಳಲಿಲ್ಲ ಎಂಬುದು ಇನ್ನೊಂದು. ಬರ್ನಾರ್ಡೋ ಅನಾಥಾಲಯದವರು ಊರಿನ ಮನೆಯೊಂದರಲ್ಲಿ ಬಿಟ್ಟಿದ್ದ ಇಬ್ಬರು ಹುಡುಗಿಯರಿಗೆ ಬೆತ್ತದಿಂದ ಹೊಡೆದರು ಎಂಬುದು ಮೂರನೆಯದು, ಎಲ್ಲಕ್ಕಿಂತ ಗಂಭೀರವಾದದ್ದು. ಆನಿ ಅದನ್ನು ಖಡಾಖಂಡಿತವಾಗಿ ಅಲ್ಲಗಳೆದರು. ಮಕ್ಕಳಿಗೆ ಹೊಡೆಯುವುದರ ವಿರೋಧಿ ಎಂದೇ ಅವರನ್ನು ಊರು ಬಲ್ಲದು. ಕೌಂಟಿಯ ಶಿಕ್ಷಣ ಸಮಿತಿ ವಿಚಾರಣೆ ನಡೆಸಿತು. ಕೊನೆಗೆ 1914ರ ಮಾರ್ಚ್ 31ಕ್ಕೆ ಗಂಡ ಹೆಂಡತಿ ಇಬ್ಬರ ಕೆಲಸವೂ ಮುಗಿಯಿತು. ಅವರು ವಾಸವಿದ್ದ ಮನೆಯೂ ಶಾಲೆಯದೇ. ಕೂಲಿಗಾರರಿಗೆ ಚೆನ್ನಾಗಿ ಗೊತ್ತಿದ್ದ ಹಗ್ಗ ಈಗ ಮೇಷ್ಟ್ರ ಕುತ್ತಿಗೆಗೆ ಬಂತು.

ದೋಷಾರೋಪದಲ್ಲಿ ಚುನಾವಣೆಯ ಪ್ರಸ್ತಾಪವಿರಲಿಲ್ಲ. ಕಾನೂನುಬದ್ಧ ಚುನಾವಣೆಯಲ್ಲಿ ಗೆದ್ದದ್ದು ತಪ್ಪು ಎಂದು ಯಾವ ಸಮಿತಿಯೂ ಬರೆಯಲಾರದು. ಹಾಗಾಗಿ ಸೋಲಿಗೂ ವಜಾಕ್ಕೂ ನಂಟಿದೆಯೇ ಎಂಬ ವಾದಕ್ಕೆ ಅಂದಿನಿಂದ ಜಾಗ ಉಳಿದಿದೆ. ಹಿಗ್ಡನ್ ದಂಪತಿ ಯಾರ ಮಾತಿಗೂ ಸುಲಭವಾಗಿ ಬಗ್ಗುವವರಲ್ಲ, ಹಿಂದಿನ ಊರಿನಲ್ಲೂ ಮಂಡಳಿಯೊಂದಿಗೆ ಕಾದಾಡಿದ್ದರು ಎಂಬುದೂ ನಿಜ. ಆದರೆ ಬರ್ಸ್ಟನ್ನಿನ ಕೂಲಿಗಾರರಿಗೆ ಆ ನಂಟಿನಲ್ಲಿ ಅನುಮಾನವಿರಲಿಲ್ಲ. ತಾವು ಗೆಲ್ಲಿಸಿದ ಮನುಷ್ಯನಿಗೆ, ತಾವು ಗೆಲ್ಲಿಸಿದ್ದಕ್ಕೇ ಶಿಕ್ಷೆಯಾಗಿದೆ ಎಂದು ಅವರು ನಂಬಿದರು. ಟಾಮ್ ಮುಂದೆ ಬರೆದ ‘ದಿ ಬರ್ಸ್ಟನ್ ರೆಬೆಲಿಯನ್’ ಎಂಬ ಪುಸ್ತಕ ಈ ಕಡೆಯವರ ಕಥೆಯನ್ನು ಹೇಳುತ್ತದೆ.

ಏಪ್ರಿಲ್ ಒಂದು

1914ರ ಏಪ್ರಿಲ್ 1ರ ಬೆಳಗ್ಗೆ ಹೊಸ ಮೇಷ್ಟ್ರುಗಳು ಶಾಲೆಯ ಬಾಗಿಲಲ್ಲಿ ಕಾದಿದ್ದರು. ಶಾಲೆಯಲ್ಲಿದ್ದ 72 ಮಕ್ಕಳಲ್ಲಿ 66 ಮಂದಿ ಒಳಗೆ ಹೋಗಲಿಲ್ಲ. 13 ವರ್ಷದ ವಯಲೆಟ್ ಪಾಟರ್ ಎಂಬ ಹುಡುಗಿ ಮುಂದಾಳಾಗಿ, ಮಕ್ಕಳೆಲ್ಲ ತಮ್ಮ ಮೇಷ್ಟ್ರು ಮೇಡಂ ವಾಪಸು ಬರಬೇಕೆಂದು ಫಲಕ ಹಿಡಿದು ಊರು ಸುತ್ತಿದರು. ಅವರ ಹಿಂದೆ ತಂದೆತಾಯಿಗಳಿದ್ದರು. ಪಾಠ ಮೊದಲು ಊರ ಮಧ್ಯದ ಹುಲ್ಲುಗಾವಲಿನಲ್ಲಿ, ಆಮೇಲೆ ಒಂದು ಬಡಗಿಯ ಕೊಟ್ಟಿಗೆಯಲ್ಲಿ ನಡೆಯಿತು.

ಕೌನ್ಸಿಲ್ ಚುನಾವಣೆಯಲ್ಲಿ ಕೈ ಎತ್ತುವುದಕ್ಕಿಂತ ಇದು ದೊಡ್ಡ ಪಂದ್ಯ. ಮಕ್ಕಳನ್ನು ಶಾಲೆಗೆ ಕಳಿಸದಿರುವುದು ಕಾನೂನು ಪ್ರಕಾರ ಅಪರಾಧ. ತಂದೆತಾಯಿಗಳನ್ನು ಡಿಸ್ ಪೇಟೆಯ ನ್ಯಾಯಾಲಯಕ್ಕೆ ಕರೆಸಿದರು. ಮೊದಲ ಸಲ ತಲಾ ಎರಡೂವರೆ ಷಿಲಿಂಗ್ ದಂಡ, ಇನ್ನೊಂದು ಸಲ ಐದು. 13 ಷಿಲಿಂಗಿನ ವಾರದ ಕೂಲಿಯಲ್ಲಿ ಅದು ಹೊಟ್ಟೆಯ ಹಿಟ್ಟು. ದಂಡದ ಹಣವನ್ನು ಬೆಂಬಲಿಗರು ಚಂದಾ ಎತ್ತಿ ಕಟ್ಟಿದರು. ಮಕ್ಕಳು ಒಂದಲ್ಲ ಒಂದು ಶಾಲೆಯಲ್ಲಿ ಕಲಿಯುತ್ತಿರುವುದು ಸ್ಪಷ್ಟವಾದ ಮೇಲೆ ಮೊಕದ್ದಮೆಗಳು ನಿಂತವು. ಇನ್ನೊಂದು ಕಡೆಯಿಂದ ಪಾದ್ರಿ ಚರ್ಚಿನ ಉಂಬಳಿ ಜಮೀನನ್ನು ಗೇಣಿಗೆ ಮಾಡುತ್ತಿದ್ದ ಮುಷ್ಕರದ ಬೆಂಬಲಿಗರಿಗೆ ಜಮೀನು ಬಿಡಲು ನೋಟಿಸ್ ಕೊಟ್ಟರು.

ಒಂದು ವಿಷಯದಲ್ಲಿ ಮಾತ್ರ ಊರಿನ ದೊಡ್ಡವರ ಕೈ ಕಟ್ಟಿತ್ತು. ಎಲ್ಲ ಕೂಲಿಗಾರರನ್ನೂ ಒಟ್ಟಿಗೆ ಕೆಲಸದಿಂದ ತೆಗೆದರೆ ಹೊಲದ ಕೆಲಸ ಮಾಡುವವರು ಯಾರು? 1914ರ ಆಗಸ್ಟ್‌ನಲ್ಲಿ ಮೊದಲ ಮಹಾಯುದ್ಧ ಶುರುವಾಗಿ ಗಂಡಸರು ಸೈನ್ಯ ಸೇರಿದ ಮೇಲಂತೂ ಆಳು ಸಿಗುವುದೇ ಕಷ್ಟವಾಯಿತು. ಒಬ್ಬೊಬ್ಬನಾಗಿದ್ದಾಗ ಪ್ರತಿ ಕೂಲಿಗಾರನನ್ನೂ ಹೆದರಿಸಬಹುದಿತ್ತು. ಎಷ್ಟು ಜನ ಒಂದೇ ಕಡೆ ಇದ್ದಾರೆ ಎಂಬುದು ಅವರಿಗೇ ಮೊದಲು ಕಣ್ಣಿಗೆ ಬಿದ್ದದ್ದು ಹಿಂದಿನ ವರ್ಷದ ಚುನಾವಣೆಯಲ್ಲಿ. ಆ ಎಣಿಕೆ ಅವರ ತಲೆಯಲ್ಲಿ ಉಳಿದಿತ್ತು.

ಸುದ್ದಿ ನಾರ್ಫೋಕ್ ದಾಟಿ ಹೋಯಿತು. ಗಣಿ ಕಾರ್ಮಿಕರ, ರೈಲ್ವೆ ನೌಕರರ ಸಂಘಗಳು, ಸಮಾಜವಾದಿ ಪಕ್ಷದ ಶಾಖೆಗಳು ಹಣ ಕಳಿಸಿದವು. ಜಾರ್ಜ್ ಲ್ಯಾನ್ಸ್‌ಬರಿ, ಸಿಲ್ವಿಯಾ ಪ್ಯಾಂಕ್‌ಹರ್ಸ್ಟ್ ಅವರಂಥ ನಾಯಕರು ಬೆಂಬಲಕ್ಕೆ ನಿಂತರು. ಸುಮಾರು 1,250 ಪೌಂಡ್ ಕೂಡಿ, ಹುಲ್ಲುಗಾವಲಿನ ಅಂಚಿನಲ್ಲಿ ಮುಷ್ಕರದ ಶಾಲೆಗೆ ಸ್ವಂತ ಕಟ್ಟಡ ಎದ್ದಿತು. 1917ರ ಮೇ 13ರಂದು ಅದರ ಬಾಗಿಲು ತೆರೆಯಿತು. ಕಟ್ಟಡದ ಮುಂಗೋಡೆಯ ಕಲ್ಲುಗಳಲ್ಲಿ ಹಣ ಕೊಟ್ಟ ಸಂಘಗಳ ಹೆಸರು ಕೆತ್ತಿದ್ದಾರೆ. ಲಿಯೋ ಟಾಲ್‌ಸ್ಟಾಯ್ ಹೆಸರೂ ಅಲ್ಲಿದೆ.

ಗೆದ್ದದ್ದೇನು

ಲೆಕ್ಕ ಹಾಕಿದರೆ ಬರ್ಸ್ಟನ್ನಿನ ಕೂಲಿಗಾರರು 1913ರಲ್ಲಿ ಗೆದ್ದದ್ದು ಬಹಳ ಕಡಿಮೆ. ಕೌನ್ಸಿಲ್‌ಗೆ ಮೇಷ್ಟ್ರ ಕೆಲಸ ಉಳಿಸುವ ಅಧಿಕಾರವಿರಲಿಲ್ಲ. ಕೂಲಿ ಹೆಚ್ಚಿಸಲು ಆಗುತ್ತಿರಲಿಲ್ಲ, ಯಾರ ಮನೆಯನ್ನೂ ಕಾಯಲು ಆಗುತ್ತಿರಲಿಲ್ಲ. ಮತ ಕುರ್ಚಿಯನ್ನು ಕೊಟ್ಟಿತು. ಕೂಲಿ, ಸೂರು, ಶಾಲೆ ಮೂರೂ ಹಳೆಯ ಕೈಗಳಲ್ಲೇ ಉಳಿದವು. ಚುನಾವಣೆಯಲ್ಲಿ ಗೆದ್ದವರು ಎಷ್ಟೋ ಕಡೆ ಇಲ್ಲಿಗೇ ನಿಲ್ಲುತ್ತಾರೆ. ಬರ್ಸ್ಟನ್ನಿನವರು ನಿಲ್ಲಲಿಲ್ಲ. ಕುರ್ಚಿಯಿಂದ ಉಳಿಸಲಾಗದ ಶಾಲೆಯನ್ನು ಕುರ್ಚಿಯ ಹೊರಗೆ ತಾವೇ ಕಟ್ಟಿಕೊಂಡರು, ಅದನ್ನು 25 ವರ್ಷ ನಡೆಸಿದರು.

ಸೋತವರಿಗೂ ಆ ಸೋಲು ಸಣ್ಣದಾಗಿರಲಿಲ್ಲ ಎಂಬುದು ಇಲ್ಲಿ ಅರ್ಥವಾಗುತ್ತದೆ. ಮೂರು ಪೆನ್ನಿ ತೆರಿಗೆಯ ಕೌನ್ಸಿಲ್‌ನಲ್ಲಿ ಪಾದ್ರಿ ಕಳೆದುಕೊಂಡದ್ದು ಅಧಿಕಾರವನ್ನಲ್ಲ. ಊರು ತನ್ನ ಮಾತು ಕೇಳುತ್ತದೆ ಎಂಬ ತಲೆಮಾರುಗಳ ನಂಬಿಕೆಯನ್ನು ಊರವರೇ ಎಣಿಸಿ ಸುಳ್ಳೆಂದು ತೋರಿಸಿದ್ದರು.

1920ರಲ್ಲಿ ದಕ್ಷಿಣ ನಾರ್ಫೋಕ್ ಪಾರ್ಲಿಮೆಂಟ್ ಕ್ಷೇತ್ರಕ್ಕೆ ಉಪಚುನಾವಣೆ ಬಂತು. ಬರ್ಸ್ಟನ್ ಇದ್ದದ್ದು ಆ ಕ್ಷೇತ್ರದಲ್ಲೇ. ಲೇಬರ್ ಪಕ್ಷದಿಂದ ಗೆದ್ದವರು ಕಾಗೆ ಓಡಿಸುವ ಹುಡುಗನಾಗಿದ್ದ ಜಾರ್ಜ್ ಎಡ್ವರ್ಡ್ಸ್. ಆಗ ಅವರಿಗೆ ಸುಮಾರು 70 ವರ್ಷ.

ಟಾಮ್ ಹಿಗ್ಡನ್ 1939ರ ಆಗಸ್ಟ್‌ನಲ್ಲಿ ತೀರಿಕೊಂಡರು. ವಯಸ್ಸಾಗಿದ್ದ ಆನಿಗೆ ಒಬ್ಬರೇ ಶಾಲೆ ನಡೆಸುವುದು ಆಗಲಿಲ್ಲ. ಉಳಿದಿದ್ದ ಕೆಲವೇ ಮಕ್ಕಳು ಸರಕಾರಿ ಶಾಲೆಗೆ ಹೋದರು. ಇಂಗ್ಲೆಂಡಿನ ಅತಿ ದೀರ್ಘ ಮುಷ್ಕರ ಎಂದು ಕರೆಯುವುದು ಹೀಗೆ ಮುಗಿಯಿತು. ಆನಿ 1946ರಲ್ಲಿ ಹೋದರು.

ಪ್ಯಾರಿಷ್ ಕೌನ್ಸಿಲ್‌ಗೆ ಎಲ್ಲರೆದುರು ಕೈ ಎತ್ತಿ ಆರಿಸುವ ಪದ್ಧತಿ ಎರಡನೆಯ ಮಹಾಯುದ್ಧದ ನಂತರ, 1948ರ ಕಾನೂನಿನಿಂದ ಹೋಯಿತು. ಇಂಗ್ಲೆಂಡಿನಲ್ಲಿ ಇಂದು ಸುಮಾರು 10,000 ಪ್ಯಾರಿಷ್ ಮತ್ತು ಪಟ್ಟಣ ಕೌನ್ಸಿಲ್‌ಗಳಿವೆ. ಅವುಗಳಲ್ಲಿ ಬಹಳಷ್ಟು ಕಡೆ ಇರುವ ಜಾಗಗಳಿಗಿಂತ ಹೆಚ್ಚು ಅಭ್ಯರ್ಥಿಗಳು ಸಿಗುವುದಿಲ್ಲ. ಮತದಾನವೇ ಇಲ್ಲದೆ ಸದಸ್ಯರು ಆಯ್ಕೆಯಾಗುತ್ತಾರೆ.

ಬರ್ಸ್ಟನ್ನಿನ ಮುಷ್ಕರದ ಶಾಲೆ ಈಗ ಸಂಗ್ರಹಾಲಯ. 1984ರಿಂದ ಪ್ರತಿ ಸೆಪ್ಟೆಂಬರ್‌ನ ಮೊದಲ ಭಾನುವಾರ ಕಾರ್ಮಿಕ ಸಂಘಗಳವರು ಬಾವುಟ ಹಿಡಿದು ಬಂದು, 1914ರಲ್ಲಿ ಮಕ್ಕಳು ನಡೆದ ದಾರಿಯಲ್ಲಿ ಊರು ಸುತ್ತುತ್ತಾರೆ. ಆ ದಾರಿಯ ಪಕ್ಕದಲ್ಲೇ ಚರ್ಚು ಇದೆ. ಟಾಮ್ ಮತ್ತು ಆನಿಯ ಸಮಾಧಿಗಳು ಅದೇ ಚರ್ಚಿನ ಅಂಗಳದಲ್ಲಿವೆ.